ಸಾಗವಾನಿ ಅಲ್ಲದ ಕುರ್ಚಿ

ತಾ. ೫-೧೨-೧೯೭೪

ಪಂಚಾಯತಿ ಚೇರ್ಮನ್ ಗುರಲಿಂಗಪ್ಪನವರಿಗೆ, ನಮಸ್ಕಾರ.

ಆರಿಸಿ ಬಂದ ದಿನ ಎಲ್ಲ ಮೆಂಬರರಿಗೂ ಕುರ್ಚಿ ಎಂದಿರಿ. ಕೇರಿಯವಳಾದ ನನ್ನನ್ನು ಮೂರು ಸಭೆ ನೆಲದ ಮೇಲೆ ಕೂರಿಸಿದಿರಿ. ಖಾಲಿ ಕುರ್ಚಿ ತೋರಿಸಿ ಕೇಳಿದರೆ, "ಅದು ನಮ್ಮಜ್ಜನ ಸಾಗವಾನಿ ಕುರ್ಚಿ, ಮನಿಯಿಂದ ತಂದೇನಿ. ನೀ ಕೆಳಗ ಕುಂಡ್ರ ಬೇ" ಎಂದಿರಿ.

ನಿನ್ನೆ ಬಬಲೇಶ್ವರದ ಬಡಿಗೇರ ಕಾಳಪ್ಪನನ್ನು ಕರೆಸಿ ಅದನ್ನು ಬೋರಲು ಹಾಕಿಸಿದೆ. ಬಣ್ಣ ಕೆರೆದವನೇ ನಕ್ಕುಬಿಟ್ಟ: "ಎಲ್ಲೀ ಸಾಗವಾನಿ ಹೊಳೆವ್ವಾ, ಇದು ಬೇವು! ಈ ಬಿದಿರ ಮೊಳಿ ನಮ್ಮಪ್ಪ ಹೊಡದದ್ದು." ಹಲಗೆಯ ಅಡಿಯಲ್ಲಿ ಕಾದ ಕಬ್ಬಿಣದಿಂದ ಸುಟ್ಟು ಬರೆದಿದೆ: 'ಪಂಚಾಯತಿ, ೧೯೫೨'. ಕಾರಕೂನ ತುಕಾರಾಮನೂ ಓದಿದ್ದಾನೆ.

ನಿಮ್ಮ ಅಜ್ಜನ ಕುರ್ಚಿಯನ್ನು ನಿಮ್ಮ ಮನೆಯಲ್ಲಿ ಹುಡುಕಿಕೊಳ್ಳಿ. ಇದರ ಮೇಲೆ ನಾನು ಕೂರುತ್ತೇನೆ. ಎಬ್ಬಿಸುವುದಿದ್ದರೆ ಕಾರಣ ಬರೆದು, ಸಹಿ ಮಾಡಿ ಸಭೆಗೆ ತನ್ನಿ. ಬರುವ ಸೋಮವಾರ, ಮುಂಜಾನೆ ಹನ್ನೊಂದಕ್ಕೆ.

ಹೊಳೆವ್ವ,
ಪಂಚಾಯತಿ ಮೆಂಬರ್