ಅಮ್ಮ ಹಿಂದಿಂದಕ್ಕೆ ಹತ್ತಿದ ಮರಳುದಿಬ್ಬ

ಜೈಸಲ್ಮೇರ್, ಮಂಗಳವಾರ

ಅಪ್ಪನಿಗೆ ಹೇಮಶ್ರೀಯ ನಮಸ್ಕಾರ.

"ಮಂಡಿ ನೋವ್ನೋಳು ಮರಳುಗುಡ್ಡ ಅತ್ತಾಳಾ? ವ್ಯಾನಲ್ಲೇ ಕುಂತಿರ್ತಾಳೆ ಬುಡು" ಎಂದು ಬೆಳಕವಾಡಿ ಬಸ್‌ಸ್ಟಾಪಿನಲ್ಲಿ ಎಲ್ಲರೆದುರು ಅಮ್ಮನನ್ನು ಆಡಿಕೊಂಡೆಯಲ್ಲ, ಈಗ ಕೇಳು.

ಇವತ್ತು ಸೂರ್ಯೋದಯ ನೋಡಲು ನಮ್ಮ ಮಳವಳ್ಳಿ ಗುಂಪಿನವರೆಲ್ಲ ನಸುಕಿನಲ್ಲೇ ದಿಬ್ಬ ಹತ್ತತೊಡಗಿದೆವು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತಿತ್ತು. ಅಮ್ಮ ಸ್ವಲ್ಪ ದೂರಕ್ಕೇ ಮಂಡಿ ಹಿಡಿದು ನಿಂತಳು. ನನಗೆ ಅಳುವೇ ಬಂತು. ಅಷ್ಟರಲ್ಲಿ ಅವಳು ಚಪ್ಪಲಿ ನನ್ನ ಕೈಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿಬ್ಬಕ್ಕೆ ಬೆನ್ನು ತಿರುಗಿಸಿದಳು. ಗದ್ದೆಯಲ್ಲಿ ನಾಟಿ ಹಾಕುವಾಗ ಸರಿಯುವಂತೆಯೇ, ಹಿಮ್ಮಡಿ ಊರಿ ಊರಿ ಹಿಂದಿಂದಕ್ಕೆ ಹತ್ತಿದಳು. ಜನ ನಕ್ಕರು. ನಾನು ನಾಚಿ ತಲೆ ತಗ್ಗಿಸಿದೆ.

ಉಳಿದವರೆಲ್ಲ ತುದಿಯನ್ನೇ ನೋಡುತ್ತ ಏದುಸಿರು ಬಿಡುತ್ತಿದ್ದಾಗ ಅಮ್ಮ ಕೂಗಿದಳು: "ಎಲ್ಲಿಗ್ರಮ್ಮಾ ಓಡ್ತಿದ್ದೀರಿ? ಸೂರ್ಯಪ್ಪ ನಿಮ್ ಬೆನ್ನಿಂದೆ ಬಂದವ್ನೆ, ತಿರಿಕ್ಕಂಡು ನೋಡಿ!"

ಪೂರ್ವಕ್ಕೆ ಮುಖ ಮಾಡಿದ್ದವಳು ಅವಳೊಬ್ಬಳೇ. ಎಲ್ಲರಿಗಿಂತ ಮೊದಲು ಸೂರ್ಯನನ್ನು ಅವಳೇ ಕಂಡಳು. ನೋಡನೋಡುತ್ತಿದ್ದಂತೆ ಮರಳೆಲ್ಲ ಆಲೆಮನೆಯ ಬಿಸಿ ಬೆಲ್ಲದ ಬಣ್ಣಕ್ಕೆ ತಿರುಗಿತು. ಆಮೇಲೆ ತುದಿಯನ್ನೂ ಮುಟ್ಟಿದಳು. ನಕ್ಕವರಲ್ಲಿ ಮೂವರು ಅವಳಂತೆಯೇ ಬೆನ್ನು ತಿರುಗಿಸಿ ಹತ್ತಿದರು.

ಮಂಡಿಗೆ ಎಣ್ಣೆ ಹಚ್ಚಿದ್ದೇನೆ, ನೋವು ಜಾಸ್ತಿಯಾಗಿಲ್ಲ. ಫೋನ್ ಮಾಡುತ್ತೇನೆಂದರೆ ಅಮ್ಮ ಬಿಡಲಿಲ್ಲ: "ಕಾರ್ಡೇ ಬರಿ ಕಣೇ. ಪೋಸ್ಟಿನ ಮರಿಯಯ್ಯ ಓದ್ಕಂಡು ಅದೇ ಬಸ್‌ಸ್ಟಾಪಲ್ಲಿ ಎಲ್ಲರ್ಗೂ ಏಳ್ಲಿ."

ಅದಕ್ಕೇ ಅಕ್ಷರ ಬಿಡಿಸಿ ಬರೆದಿದ್ದೇನೆ. ವ್ಯಾನಿನವರು ಹಾರನ್ ಹೊಡೆಯುತ್ತಿದ್ದಾರೆ.

ಹೇಮಶ್ರೀ