ಗುಬ್ಬಿ ಹೋದ ವಿಚಾರ

ಮನೆಯಿಂದ,
ಶನಿವಾರ ಸಂಜೆ

ನಮ್ಮ ಮನೆಯ ವಕೀಲಮ್ಮನಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯ ಮಗಳೇ? ಹೋದ ವಾರ ಫೋನಿನಲ್ಲಿ ನಿನ್ನ ಕೆಮ್ಮು ಕೇಳಿ ಅಮ್ಮ ಇಡೀ ದಿನ ಮುಖ ಸಣ್ಣ ಮಾಡಿಕೊಂಡಿದ್ದಳು. ನೀನು ಅಲ್ಲಿ ಕೂತು ನಡೆಸುತ್ತಿರುವ ದೊಡ್ಡ ಕೋರ್ಟಿನ ಮೇಲ್ಮನವಿ ಎಷ್ಟೇ ದೊಡ್ಡದಿರಲಿ, ಹೊತ್ತಿಗೆ ಸರಿಯಾಗಿ ಉಣ್ಣು. ನಾವು ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಎಂದಿನಂತೆ, ಬಾಯಿಯೂ ಎಂದಿನಂತೆ. ಫೋನು ಬಿಟ್ಟು ಪತ್ರ ಯಾಕೆ ಅನ್ನುತ್ತೀಯ. ಫೋನಿನಲ್ಲಾದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಪಾಟೀಸವಾಲು ಶುರುವಾಗುತ್ತದೆ. ಗುಬ್ಬಿ ಹೋದಳು ಮಗಳೇ. ಗಂಡನ ಮನೆಗೇ ವಾಪಸ್ಸು ಹೋದಳು.

ನೀನು ಅವಳನ್ನು ನಮ್ಮ ಹಿಂದಿನ ಕೋಣೆಗೆ ತಂದು ಬಿಟ್ಟ ದಿನ ಕಣ್ಣಿಗೆ ಕಟ್ಟಿದಂತಿದೆ. ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿಯುವ ಹುಡುಗಿ, ಒಂದು ಕೈಗೆ ಬ್ಯಾಂಡೇಜು, ಒಡೆದ ತುಟಿ. ಅಷ್ಟು ಸಣ್ಣ ಜೀವ ನೋಡಿ ಅಮ್ಮನೇ ಗುಬ್ಬಿ ಅಂತ ಕರೆದಳು. ಮಗು ಸ್ಕೂಲಿಗೆ ಹೋಗಿದ್ದಾಗ ಗುಬ್ಬಿ ಗಂಡ ಹಾಕಿದ್ದ ಬೀಗ ಮುರಿದು ಓಡಿ ಬಂದಿದ್ದಳು. ಅವಳು ಸ್ಕೂಲಿನ ಗೇಟು ಮುಟ್ಟುವ ಮೊದಲೇ ಅವನು ಮಗುವನ್ನು ಕರೆದುಕೊಂಡು ಹೋಗಿಬಿಟ್ಟಿದ್ದ. ಅವನು ಮೈಮುಟ್ಟಬಾರದು, ಮಗು ತನ್ನ ಹತ್ತಿರ ಇರಬೇಕು ಅಂತ ಕೋರ್ಟಿನಲ್ಲಿ ಅವಳದು ಎರಡೇ ಬೇಡಿಕೆ. ಅದಕ್ಕಾಗಿ ನೀನು ಎಷ್ಟು ಓಡಾಡಿದೆ ಅಂತ ನಾನು ಬಲ್ಲೆ.

ಮಂಗಳವಾರದ ವಾಯಿದೆಗೆ ನಿನ್ನ ಜೊತೆಗಾರ್ತಿ ವಕೀಲೆಯೊಂದಿಗೆ ನಾನೂ ಹೋಗಿದ್ದೆ. ಕಾರಿಡಾರಿನ ಬೆಂಚು ಭರ್ತಿ, ನಿಂತು ನಿಂತು ಕಾಲು ಜೋಮು ಹಿಡಿಯಿತು. ಜೀವಮಾನವಿಡೀ ಬಸ್ಸು ಓಡಿಸಿದವನು ನಾನು. ತುಸು ತಡವಾದರೂ ಜನ ಬೈದು ನೀರಿಳಿಸುತ್ತಿದ್ದರು. ಅಲ್ಲಿ ತಡಮಾಡುವುದೇ ಒಂದು ಕಸುಬು. ಎದುರಿನ ವಕೀಲ ಎದ್ದು ನಿಂತು ಮತ್ತೆ ಕಾಲಾವಕಾಶ ಕೇಳಿದ, ಸಿಕ್ಕಿತು. ಮೂರು ತಿಂಗಳ ಆಚೆಗೆ ಹೋಯಿತು. ಹೊರಗೆ ಬಂದರೆ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಂಬಕ್ಕೆ ಒರಗಿ ನಿಂತಿದ್ದ. ಫೋನು ತೆಗೆದು ಅವಳ ಮುಖಕ್ಕೆ ಹಿಡಿದ. ಮಗುವಿನ ದನಿ: ‘ಅಮ್ಮಾ, ನಿಂಗೆ ನಾನು ಬೇಡ್ವಾ?’ ನಾನು ಅವನ ಕೈ ತಳ್ಳಿದೆ. ಅವನು ನಗುತ್ತಲೇ, ‘ನಾನೆಲ್ಲಿ ಕರೀತಿದ್ದೀನಿ ಯಜಮಾನ್ರೇ? ಮಗು ಕರೀತಿದೆ’ ಅಂದ.

ಆಮೇಲೆ ಗುಬ್ಬಿ ಊಟ ಬಿಟ್ಟಳು. ತಟ್ಟೆಯ ಮುಂದೆ ಕೂರುವಳು, ಏಳುವಳು. ಗುರುವಾರ ಮಧ್ಯಾಹ್ನ ನಾನು ಪೇಟೆಯಿಂದ ಬರುವಷ್ಟರಲ್ಲಿ ಬ್ಯಾಗು ಬಾಗಿಲಲ್ಲಿತ್ತು. ‘ಅಪ್ಪಾಜಿ, ಬಸ್ ಸ್ಟ್ಯಾಂಡ್‌ವರೆಗೂ ಬರ್ತೀರಾ?’ ಅಂದಳು. ನಾನು ನಿನ್ನಮ್ಮನ ಮೇಲೆ ರೇಗಿದೆ, ಒಂದು ಮಾತು ಹೇಳಿ ತಡೆಯಬಾರದಿತ್ತಾ ಅಂತ. ಅವಳು ಕಣ್ಣೊರೆಸಿಕೊಂಡು ಅಂದದ್ದಿಷ್ಟೇ: ‘ತಡಿಯೋಕೆ ನಾವ್ಯಾರು? ಬಾಗಿಲಿಗೆ ಅಡ್ಡ ನಿಲ್ಲೋರು ಅಲ್ಲಿದ್ದಾರಲ್ಲ, ಸಾಲದಾ? ಇದು ಅವಳು ಯಾವಾಗ ಬೇಕಾದ್ರೂ ಹೋಗಿ ಬರೋ ಮನೆಯಾಗಿರ್ಲಿ.’

ಬ್ಯಾಗು ನಾನೇ ಹೊತ್ತುಕೊಂಡೆ. ಸಾವಿರಾರು ಜನರನ್ನು ಅವರವರ ಊರು ಮುಟ್ಟಿಸಿದವನು ನಾನು. ಹೊರಟ ಬಸ್ಸು ಕೆಟ್ಟು ನಿಲ್ಲಲಪ್ಪ ಅಂತ ಬೇಡಿಕೊಂಡಿದ್ದು ಅವತ್ತೇ ಮೊದಲು. ನಿಲ್ಲಲಿಲ್ಲ. ಅವತ್ತಿನಿಂದ ಅವಳ ಫೋನು ಬಂದ್. ಅಮ್ಮ ಆ ಕೋಣೆಯ ಹಾಸಿಗೆ ಮಡಿಸಿಲ್ಲ. ನಾನೂ ಕೇಳಿಲ್ಲ.

ನಿನ್ನ ಮೇಲೆ ನೀನು ತಪ್ಪು ಹೊರಿಸಿಕೊಳ್ಳಬೇಡ. ಮೈ ಕಡೆ ನಿಗಾ ಇರಲಿ. ಬಿಸಿನೀರೇ ಕುಡಿಯಬೇಕಂತೆ, ಅಮ್ಮನ ಹುಕುಂ.

ಇಂತಿ ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಜೊತೆಗಾರ್ತಿ ಓಡೋಡಿ ಬಂದಳು. ಕೇಸು ಹಿಂದಕ್ಕೆ ಪಡೆಯುತ್ತೇನೆ ಅಂತ ಗುಬ್ಬಿಯ ಅರ್ಜಿ ಬಂದಿದೆಯಂತೆ. ಸಹಿ ಅವಳದೇ, ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ ಅಂದಳು. ಇದೆ ಮಗಳೇ! ಬಸ್ಸು ಹೊರಟಾಗ ಗುಬ್ಬಿ ಕಿಟಕಿಯಿಂದ ಬಗ್ಗಿ ನನ್ನ ಕೈ ಹಿಡಿದು ಅಂದಿದ್ದಳು: ‘ಸಹಿ ಹಾಕು ಅಂತಾರೆ, ಹಾಕ್ತೀನಿ. ಹಾಕ್ದೇ ಇದ್ರೆ ಮಗು ಮುಖ ತೋರ್ಸಲ್ಲ. ಅಕ್ಕಂಗೆ ಹೇಳಿ, ಅದನ್ನ ನಂಬಬೇಡಿ. ಜಡ್ಜ್ ನನ್ನನ್ನೇ ಕರೆಸಿ, ಅವನನ್ನ ಆಚೆ ಕಳಿಸಿ ಕೇಳ್ಲಿ. ಅಲ್ಲೀವರೆಗೂ ತಡ್ಕೋತೀನಿ.’ ಎಂಜಿನ್ ಸದ್ದಿನಲ್ಲಿ ತುಂಡು ತುಂಡಾಗಿ ಕೇಳಿತ್ತು, ಯಾವ ಸಹಿ ಅಂತ ತಿಳಿದಿರಲಿಲ್ಲ; ಜೋಡಿಸಿ ಪೂರ್ತಿ ಅರ್ಥವಾದದ್ದು ಈಗ. ಅರ್ಜಿ ಸೋಮವಾರ ಜಡ್ಜ್ ಮುಂದೆ ಬರುತ್ತದೆ. ನಿನ್ನ ಫೋನು ಸಿಗುತ್ತಿಲ್ಲ. ಪಕ್ಕದ ಮನೆಯವರು ನಿನ್ನ ಕಡೆಗೇ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಕೈಗೆ ಸಿಕ್ಕ ಮೊದಲ ಬಸ್ಸು ಹತ್ತು. ತಡೆದುಕೊಳ್ಳುತ್ತೇನೆ ಅಂದಿದ್ದಾಳೆ, ಎಷ್ಟು ದಿನ ಅಂತ ಹೇಳಲಿಲ್ಲ.