ಗೆರೆ ಬಳಸಿ ಹೋದ ಜಾಗ

ಪುರ್ತಗೇರಿ,
ಶುಕ್ರವಾರ

ಮಾನ್ಯ ಸರ್ವೇ ಸಾಹೇಬರಿಗೆ, ಇಮ್ರಾನನ ಸಲಾಮು.

ನಮ್ಮ ಕಬರಸ್ತಾನದ ಹಾದಿ ನಕ್ಷೆಯಲ್ಲಿಲ್ಲವೆಂದು ನನ್ನ ತಂದೆ ಅಬ್ದುಲಮಜೀದರು ಹೋದ ತಿಂಗಳು ನಿಮ್ಮಲ್ಲಿಗೆ ಬಂದಿದ್ದರು. "ಫೋನಿನಾಗ ಜಿಪಿಎಸ್ ಹಚ್ಚಿ ಆ ಹಾದಿ ನಡೀರಿ, ಗೆರಿ ಬೀಳತೈತಿ. ಅದನ್ನ ಕಳಸ್ರಿ" ಎಂದು ನೀವು ಹೇಳಿಕೊಟ್ಟಿರಿ. ಅವರು ಮನೆಯಿಂದ ಮಸೀದಿಗೆ ಹೋಗಿಬಂದು ಅದನ್ನು ರೂಢಿ ಮಾಡಿಕೊಂಡರು. ಕಬರಸ್ತಾನದ ಹಾದಿ ನಡೆಯುವ ಮೊದಲೇ ಸೋಮವಾರ ತೀರಿಕೊಂಡರು.

ಮರುದಿನ ಅವರ ಫೋನಿಗೆ ಜಿಪಿಎಸ್ ಹಚ್ಚಿ, ಜೇಬಿನಲ್ಲಿಟ್ಟುಕೊಂಡು ನಾನು ಜನಾಜಕ್ಕೆ ಹೆಗಲು ಕೊಟ್ಟೆ. ಆ ಗೆರೆಯನ್ನು ವೇಳೆಯ ಸಮೇತ ಅಚ್ಚು ಹಾಕಿಸಿ ಇದರೊಂದಿಗೆ ಇಟ್ಟಿದ್ದೇನೆ.

ಅರ್ಧ ಹಾದಿಯಲ್ಲಿ ನಾವು ಹನ್ನೊಂದು ನಿಮಿಷ ನಿಂತದ್ದು ಅದರಲ್ಲಿ ಕಾಣುತ್ತದೆ. ಅಲ್ಲಿ ಯಾರೋ ಅಡ್ಡ ಮುಳ್ಳುಬೇಲಿ ಹಾಕಿದ್ದಾರೆ. ಜನಾಜ ಹೆಗಲ ಮೇಲೇ ಇತ್ತು. ಪಕ್ಕದ ಹೊಲದ ಅಂದಪ್ಪನವರು ಬಂದು, "ನಿಂದರಬ್ಯಾಡ್ರಿ, ನನ್ನ ಹತ್ತಿಯೊಳಗ ಹಾಯ್ದು ಹೋಗ್ರಿ" ಎಂದರು. ತಾವೂ ಹೆಗಲು ಕೊಟ್ಟರು. ಹೂ ಬಿಟ್ಟಿದ್ದ ನಾಲ್ಕು ಸಾಲು ಹತ್ತಿ ನಮ್ಮ ಕಾಲಡಿ ಮುರಿಯಿತು.

ಅದಕ್ಕೇ ಒಂದು ವಿನಂತಿ. ಬೇಲಿಯ ಬಳಿ ಗೆರೆ ಎಡಕ್ಕೆ ಬಳಸಿ ಹೋಗಿರುವುದನ್ನು ಹಾದಿ ಎಂದು ನಕ್ಷೆಗೆ ಏರಿಸಬೇಡಿ. ನಮ್ಮ ಹಾದಿ ಬೇಲಿಯ ಆಚೆ ನೇರ ಹೋಗುತ್ತದೆ. ನೀವು ಬಂದು ಬೇಲಿ ತೆಗೆಸಿದ ದಿನ ಫೋನು ಹಿಡಿದು ಅಷ್ಟನ್ನು ನಾನು ನಡೆದು ತೋರಿಸುತ್ತೇನೆ.

ಅಂದಪ್ಪನವರನ್ನು ಕೇಳಿದರೆ, "ಇರ್ಲಿ, ಬರಕೋರಿ" ಎಂದಾರು. ದಯವಿಟ್ಟು ಬರೆದುಕೊಳ್ಳಬೇಡಿ. ನನ್ನ ತಂದೆಗೆ ಹೆಗಲು ಕೊಟ್ಟವರ ಹೊಲ ನಮಗೆ ಬೇಡ.

ನೀವು ಬರುವುದನ್ನು ಕಾಯುತ್ತಿರುವ,
ಇಮ್ರಾನ